ಯಲಬುರ್ಗಾದ ಅಜ್ಜಿ ಮತ್ತು ಮೂರು ದಿನದ ರಜೆ

ನಮ್ಮ ಮನೆಯ ಪಾತ್ರೆ ತಿಕ್ಕುವ ಶಾಂತವ್ವ ಕಳೆದ ಸೋಮವಾರ ಕೆಲಸಕ್ಕೆ ಬರಲಿಲ್ಲ. ಬರದಿದ್ದುದು ಸುದ್ದಿಯಲ್ಲ. ಬರುವುದಿಲ್ಲವೆಂದು ಅರ್ಜಿ ಕಳಿಸಿದ್ದಳು, ಅದೂ ಇಂಗ್ಲಿಷಿನಲ್ಲಿ, ಅದು ಸುದ್ದಿ. ಪಿಯುಸಿ ಓದುವ ಅವಳ ಮೊಮ್ಮಗಳು ನೋಟ್‌ಬುಕ್ಕಿನ ಹಾಳೆ ಹರಿದು, ದುಂಡಗಿನ ಅಕ್ಷರದಲ್ಲಿ ಬರೆದು, ನಮ್ಮ ಗೇಟಿನ ಸಂದಿಯಲ್ಲಿ ಸಿಕ್ಕಿಸಿ ಹೋಗಿದ್ದಳು. ನನ್ನ ಹೆಂಡತಿ ಶಾರದಾ ಅದನ್ನು ತಂದು ನನ್ನ ಚಹಾದ ಬಟ್ಟಲಿನ ಪಕ್ಕ ಇಟ್ಟಳು.

"ಓದ್ರಿ. ನಿಮ್ಮ ಸಬ್ಜೆಕ್ಟು."

ಓದಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಕಿವಿ ಬಿಸಿಯಾದವು. 'ಆ್ಯಸ್ ಮೈ ಗ್ರ್ಯಾಂಡ್‌ಮದರ್ ಅಟ್ ಯಲಬುರ್ಗಾ ಈಸ್ ಸೀರಿಯಸ್ಲಿ ಇಲ್...' ಯಲಬುರ್ಗಾದಲ್ಲಿರುವ ನನ್ನ ಅಜ್ಜಿಗೆ ತುಂಬಾ ಸೀರಿಯಸ್ ಆಗಿರುವುದರಿಂದ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ್ದರಿಂದ, ದಯಮಾಡಿ ಮೂರು ದಿನದ ರಜೆ ಕೊಡಬೇಕಾಗಿ ವಿನಂತಿ. ಕೆಳಗೆ ಶಾಂತವ್ವನ ಸೊಟ್ಟ ಸಹಿ. ಸಹಿಯ ಕೆಳಗೆ, 'ಲೆಕ್ಚರರ್ ಇನ್ ಇಂಗ್ಲಿಷ್'.

ನಾನು ಅರ್ಥ ಹೇಳಿದ ಮೇಲೆ ಶಾರದಾ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.

"ಶಾಂತವ್ವಗ ಅರವತ್ತು. ಅಕಿ ಅಜ್ಜಿ ಇನ್ನೂ ಇದ್ರ ನೂರಾ ಇಪ್ಪತ್ತರ ಆಗಿರಬೇಕು. ಅಕಿ ಯಲಬುರ್ಗಾದಾಕಿನೂ ಅಲ್ಲ, ಹಿರೇಸಿಂದೋಗಿಯಾಕಿ. ಅದು ಹೋಗ್ಲಿ, ಶಾಂತವ್ವ ಲೆಕ್ಚರರ್ ಯಾವಾಗ ಆದ್ಲು?"

ಶಾಂತವ್ವ ಲೆಕ್ಚರರ್ ಆಗಿಲ್ಲ. ನಾನು ಆಗಿದ್ದೆ. ಆ ಪತ್ರ ನನ್ನದು.

ಮೂವತ್ತೈದು ವರ್ಷದ ಹಿಂದೆ, ಕುಷ್ಟಗಿಯ ಕಾಲೇಜಿಗೆ ಹೊಸದಾಗಿ ಸೇರಿದಾಗ, ಬಿ.ಎ. ಮೊದಲ ವರ್ಷದವರಿಗೆ ಪತ್ರಲೇಖನ ಕಲಿಸುವ ತಾಸಿನಲ್ಲಿ ನಾನು ಹೇಳಿ ಬರೆಸಿದ ರಜೆಯ ಅರ್ಜಿ ಅದು. ಆಮೇಲೆ ಕುಷ್ಟಗಿಯಿಂದ ಯಲಬುರ್ಗಾ, ಅಲ್ಲಿಂದ ಗಂಗಾವತಿ, ಕೊನೆಗೆ ಕೊಪ್ಪಳ ಎಂದು ವರ್ಗವಾಗುತ್ತ ಹೋದೆ. ಪ್ರತಿ ಊರಲ್ಲೂ, ಪ್ರತಿ ವರ್ಷವೂ, ಅದೇ ಪತ್ರ. ಒಂದಕ್ಷರ ಬದಲಿಸಲಿಲ್ಲ. 'ಲೆಕ್ಚರರ್ ಇನ್ ಇಂಗ್ಲಿಷ್' ಎಂಬುದನ್ನು ಕೂಡ ಬಿಡಲಿಲ್ಲ. ನಾನು ಸೋಮಾರಿ ಎಂದು ಸಹೋದ್ಯೋಗಿಗಳು ಆಡಿಕೊಂಡರು. ನಾನೂ ಅಲ್ಲಗಳೆಯಲು ಹೋಗಲಿಲ್ಲ, ಏಕೆಂದರೆ ಬೇರೆ ವಿಷಯಗಳಲ್ಲಿ ಅದು ನಿಜವೇ ಆಗಿತ್ತು.

ನಮ್ಮ ಕಡೆ ಇಂಗ್ಲಿಷ್ ಪಾಠ ಮಾಡುವುದು ಎಂದರೇನು ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಪುಸ್ತಕ ಇಂಗ್ಲಿಷು, ಪಾಠ ಕನ್ನಡ, ಉತ್ತರಪತ್ರಿಕೆ ದೇವರ ಭಾಷೆ. ಒಂದು ಸಾಲು ಇಂಗ್ಲಿಷು ಓದುವುದು, ಹತ್ತು ಸಾಲು ಕನ್ನಡದಲ್ಲಿ ಕಥೆ ಹೇಳುವುದು. ಒಂದು ಏಪ್ರಿಲ್ ಮಧ್ಯಾಹ್ನ, ಕುಷ್ಟಗಿಯ ತಗಡಿನ ಮಾಡಿನ ಕೆಳಗೆ, ಹಿಮ ಬೀಳುವ ಪಾಠ ಬಂತು. ಹುಡುಗರ ಅಂಗಿ ಬೆವರಿಗೆ ಬೆನ್ನಿಗಂಟಿವೆ, ನಾನು ಇಂಗ್ಲೆಂಡಿನ ಚಳಿಯಲ್ಲಿ ನಡುಗುತ್ತಿದ್ದೇನೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ.

"ಸರ್ರ, ಅದು ಜ್ವಾಳದ ಹಿಟ್ಟು ಜರಡಿ ಹಿಡದಂಗ ಬೀಳತೈತೇನ್ರಿ?"

ಹಿಮವನ್ನು ನಾನೇನು ನೋಡಿದ್ದೆನೇ? "ಹೌದಪಾ, ಹಂಗ" ಎಂದೆ. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ಆಕಾಶದಿಂದ ಜೋಳದ ಹಿಟ್ಟು ಬೀಳುತ್ತದೆ, ಅದಕ್ಕೇ ಆ ದೇಶ ಶ್ರೀಮಂತವಾಗಿದೆ ಎಂದು ಆ ವರ್ಷ ಅರ್ಧ ಕ್ಲಾಸು ಪರೀಕ್ಷೆಯಲ್ಲಿ ಬರೆಯಿತು.

ಇಂಥ ತರಗತಿಗಳಲ್ಲಿ ನನ್ನ ಪಾಠ ಎಷ್ಟು ಉಳಿಯಿತೋ ಕಾಣೆ. ಪತ್ರ ಮಾತ್ರ ಉಳಿಯಿತು. ಕಾರಣ ಸುಲಭ. ಪತ್ರಲೇಖನದ ಪ್ರಶ್ನೆ ಪರೀಕ್ಷೆಯಲ್ಲಿ ತಪ್ಪದೆ ಬರುತ್ತಿತ್ತು, ಬಾಯಿಪಾಠ ಮಾಡಿದರೆ ಪಾಸು ಖಾತ್ರಿ. ಅಣ್ಣನ ನೋಟ್ಸು ತಮ್ಮನಿಗೆ ಬಂತು, ತಮ್ಮನದು ಜೆರಾಕ್ಸ್ ಅಂಗಡಿಗೆ ಹೋಯಿತು. ಒಂದು ವರ್ಷ ಪ್ರಶ್ನೆಪತ್ರಿಕೆಯವರು ಜಾಣತನ ಮಾಡಿ, ಬೀದಿದೀಪ ಕೆಟ್ಟಿರುವ ಬಗ್ಗೆ ಪುರಸಭೆಗೆ ಪತ್ರ ಬರೆಯಿರಿ ಎಂದು ಕೇಳಿದರು. ನಮ್ಮ ಹುಡುಗರು ಜಗ್ಗಲಿಲ್ಲ. ಯಲಬುರ್ಗಾದಲ್ಲಿರುವ ನನ್ನ ಅಜ್ಜಿಗೆ ಸೀರಿಯಸ್ ಆಗಿರುವುದರಿಂದ ದಯಮಾಡಿ ಬೀದಿದೀಪ ರಿಪೇರಿ ಮಾಡಿಸಬೇಕು ಎಂದು ಬರೆದರು. ಮೌಲ್ಯಮಾಪನದ ಕೋಣೆಯಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರು ಕನ್ನಡಕ ತೆಗೆದು ನನ್ನತ್ತ ವಾಲಿದರು.

"ಅಲ್ರಿ, ನಿಮ್ಮ ಯಲಬುರ್ಗಾದಾಗ ಮುದುಕ್ಯಾರಿಗೆ ಏನರ ರೋಗ ಹಬ್ಬೇತೇನ್ರಿ? ಮುಂಜಾನಿಂದ ಮೂವತ್ತು ಮಂದಿ ಮಲಕ್ಕೊಂಡಾರ."

ನಾನು ಕೆಂಪು ಪೆನ್ನಿನ ಟೋಪಿ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ.

ಎಲ್ಲಕ್ಕಿಂತ ಫಜೀತಿಯಾದದ್ದು ನನಗೆ ಯಲಬುರ್ಗಾಕ್ಕೇ ವರ್ಗವಾದಾಗ. ಅಲ್ಲಿನ ಹುಡುಗರೂ ನಿಷ್ಠೆಯಿಂದ ಅದೇ ಪತ್ರ ಕಲಿತರು, ಕಲಿತು ಅದನ್ನೇ ಅಲ್ಲಿನ ಪ್ರಿನ್ಸಿಪಾಲರಿಗೆ ಕೊಟ್ಟರು. ಅವರು ಒಬ್ಬನನ್ನು ಹಿಡಿದುಕೊಂಡು ಸ್ಟಾಫ್ ರೂಮಿಗೇ ಬಂದರು. "ಏ ತಮ್ಮಾ, ನಿಮ್ಮಜ್ಜಿ ಇದ ಊರಾಗ ಅದಾಳ. ಊಟಕ್ಕ ಬಿಟ್ಟಾಗ ನೋಡಿ ಬಾರಲೇ. ಅದಕ್ಕ ಮೂರು ದಿನಾ ಯಾಕ ಬೇಕು?" ಎಂದು ಅವನನ್ನು ಕೇಳುತ್ತ ನನ್ನ ಮುಖ ನೋಡಿದರು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿದ ನಾನು ಇಂಗ್ಲಿಷಿನಲ್ಲಿ ಯಾರೊಂದಿಗೂ ಮಾತಾಡಿರಲಿಲ್ಲ. ಓದುತ್ತಿದ್ದೆ, ಬರೆಯುತ್ತಿದ್ದೆ, ದಾಳಿಂಬೆ ತೋಟದವರು ತಂದ ಔಷಧದ ಡಬ್ಬಿಯ ಮೇಲಿನದನ್ನು ಬಿಡಿಸಿ ಹೇಳುತ್ತಿದ್ದೆ. ಮಾತು ಮಾತ್ರ ಇಲ್ಲ. ಯಾರೊಂದಿಗೆ ಆಡಲಿ? ಸ್ಟಾಫ್ ರೂಮಿನಲ್ಲಿ ಇನ್ನೊಬ್ಬ ಇಂಗ್ಲಿಷ್ ಮಾಸ್ತರರಿದ್ದರು. ನಾವಿಬ್ಬರು ಇಂಗ್ಲಿಷಿನಲ್ಲಿ ಮಾತಾಡಿದ್ದರೆ ಒಬ್ಬರನ್ನೊಬ್ಬರು ಪರೀಕ್ಷೆ ಮಾಡಿದಂತಾಗುತ್ತಿತ್ತು. ಹಾಗಾಗಿ ಮಳೆ, ಬೆಲೆ, ಬಡ್ತಿ ಎಲ್ಲವನ್ನೂ ಕನ್ನಡದಲ್ಲೇ ಮುಗಿಸುತ್ತಿದ್ದೆವು.

ಹೆಣ್ಣು ನೋಡಲು ಹೋದಾಗಲೇ ಈ ಭಯಕ್ಕೆ ಮೊದಲ ಪೂಜೆಯಾಗಿತ್ತು. ಶಾರದಾಳ ಸೋದರಮಾವ ರೈಲ್ವೆಯಲ್ಲಿದ್ದವರು, ಇಂಗ್ಲಿಷು ಬಲ್ಲವರೆಂದು ಖ್ಯಾತಿ. "ವರ ಇಂಗ್ಲಿಷ್ ಲೆಕ್ಚರರ್ ಅಂತ, ನೀವೊಂದು ನಾಕ ಮಾತಾಡಿ ನೋಡ್ರಿ" ಎಂದು ಎಲ್ಲರೂ ಅವರನ್ನು ನನ್ನ ಎದುರು ಕೂಡಿಸಿದರು. ನಾನು ಅವರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಇಬ್ಬರ ಹಣೆಯಲ್ಲೂ ಬೆವರು. ಕೊನೆಗೆ ಅವರು ಗಂಟಲು ಸರಿಮಾಡಿಕೊಂಡು, "ಎಸ್" ಎಂದರು. ನಾನು "ಎಸ್, ಎಸ್" ಎಂದೆ. ಅವರು ಎದ್ದು ಒಳಗೆ ಹೋಗಿ, "ಹುಡುಗ ಭಾಳ ಶಾಣ್ಯಾ ಅದಾನ, ಪಕ್ಕಾ ಮಾಡ್ರಿ" ಎಂದರಂತೆ. ಇವತ್ತಿಗೂ ಶಾರದಾ, ನಾನು ಮೂರು ಎಸ್ಸಿಗೆ ಮಾರಾಟವಾದವಳು ಎನ್ನುತ್ತಾಳೆ.

ಹೀಗೆ ಯಾರ ಕೈಗೂ ಸಿಗದೆ ನಿವೃತ್ತನಾದೆ, ಕೊಪ್ಪಳದಲ್ಲಿ ಮನೆ ಮಾಡಿದೆ, ಪಾರಾದೆ ಎಂದುಕೊಂಡೆ. ನಿವೃತ್ತಿಯಾದ ಎರಡನೆಯ ವರ್ಷ, ಮಾರ್ಚಿನಲ್ಲಿ, ಗಂಗಾವತಿಯಿಂದ ಫೋನು ಬಂತು.

"ಸರ್ರ, ನಾ ರೆಹಾನಾ ರಿ. ಮುಂದಿನ ಬೆಂಚಿನಾಕಿ."

ನೆನಪಾಯಿತು. ಗಂಗಾವತಿ ಕಾಲೇಜಿನಲ್ಲಿ ನನ್ನ ಕೊನೆಕೊನೆಯ ವಿದ್ಯಾರ್ಥಿನಿ. ಪ್ರಶ್ನೆ ಕೇಳಿ ಕೇಳಿ ನನ್ನ ನಿದ್ದೆ ಕೆಡಿಸಿದವಳು. ಈಗ ಗಂಗಾವತಿಯ ಒಂದು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದಳು. ತಾಯಿ ಚಿಕ್ಕಂದಿನಲ್ಲೇ ಹೋದ ಮೇಲೆ ಅವಳನ್ನು ಸಾಕಿದವಳು ತಾಯಿಯ ತಾಯಿ, ಅವರ ಮಾತಿನಲ್ಲಿ ನಾನಿ. ಆ ನಾನಿಗೆ ಎದೆನೋವು ಬಂದಿತ್ತು. ಕೂಡಲೇ ಕೊಪ್ಪಳದ ದೊಡ್ಡ ದವಾಖಾನೆಗೆ ಒಯ್ಯಿರಿ, ತಡ ಮಾಡಬೇಡಿ ಎಂದು ಊರಿನ ಡಾಕ್ಟರು ಹೇಳಿದ್ದರು. ಮುದುಕಿ ಮಾತ್ರ ಹೊರಸು ಬಿಟ್ಟು ಏಳುವುದಿಲ್ಲ. ರೆಹಾನಾ ಬಂದರೆ ದವಾಖಾನೆಗೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲಿಯೇ ಸಾಯುತ್ತೇನೆ ಎಂದು ಹಟ ಹಿಡಿದು ಎರಡು ದಿನವಾಗಿತ್ತು.

"ಹೋಗವಾ ಮತ್ತ, ನನಗ ಯಾಕ ಫೋನ್ ಮಾಡಿದಿ?"

"ರಜಾ ಕೊಡವಲ್ರು ಸರ್ರ. ಪರೀಕ್ಷೆ ನಡದಾವು. ರಜಾ ಇಲ್ಲದ ಹೋದ್ರ ತಿರುಗಿ ಬರಬ್ಯಾಡ ಅಂದಾರ್ರಿ ಪ್ರಿನ್ಸಿಪಾಲ್ ಮೇಡಂ."

"ಖರೇ ಏನೈತಿ ಅದನ್ನ ಬರದು ಕೊಡಬೇಕಿಲ್ಲ?"

ಆ ಕಡೆಯಿಂದ ಅಳುವ ದನಿ ಬಂತು.

"ಖರೇನ ಬರದೇನ್ರಿ. ನಮ್ಮ ನಾನಿ ಯಲಬುರ್ಗಾದಾಗ ಅದಾಳ್ರಿ ಸರ್ರ."

ನಾನು ಕೂತುಬಿಟ್ಟೆ. ಆ ಶಾಲೆಯ ಡ್ರೈವರು, ಗುಮಾಸ್ತ, ಡ್ರಿಲ್ ಮಾಸ್ತರ, ವಾಚ್‌ಮನ್, ಎಲ್ಲರೂ ನಾಲ್ಕು ತಾಲೂಕುಗಳ ಯಾವುದೋ ಒಂದರಲ್ಲಿ ನನ್ನ ಕೈಯಲ್ಲಿ ಓದಿದವರು, ಇಲ್ಲವೇ ಓದಿದವರ ನೋಟ್ಸು ಓದಿದವರು. ವರ್ಷಗಟ್ಟಲೆ ಎಲ್ಲರೂ ಯಲಬುರ್ಗಾದ ಅಜ್ಜಿಯ ಹೆಸರಿನಲ್ಲಿ ರಜೆ ಪಡೆದಿದ್ದರು. ಹೊಸದಾಗಿ ಬಂದ ಕೇರಳದ ಪ್ರಿನ್ಸಿಪಾಲ್ ಮೇಡಂ ಹಳೆಯ ಅರ್ಜಿಗಳನ್ನೆಲ್ಲ ತೆಗೆಸಿ ಒಂದು ಫೈಲು ಮಾಡಿಟ್ಟಿದ್ದರು. ಆ ಫೈಲಿನ ಮೇಲೆ ಹೋಗಿ ರೆಹಾನಾಳ ಸತ್ಯ ಬಿದ್ದಿತ್ತು.

"ವಿಡಿಯೋ ಕಾಲ್ ಮಾಡಿ ಮುದುಕಿನ್ನ ತೋರಸು" ಎಂದೆ.

"ತೋರಿಸಿದೆ ಸರ್ರ. ಹೋದ ವರ್ಷ ಡ್ರೈವರ್ ಯಮನೂರಪ್ಪನೂ ಬಾಜೂಮನಿ ಮುದುಕಿನ್ನ ವಿಡಿಯೋದಾಗ ಮಲಗಿಸಿ ತೋರಿಸಿದ್ನಂತ. ಮೇಡಂ ನಂಬವಲ್ರು. ನಿಮ್ಮ ಪತ್ರದಿಂದ ಆಗಿದ್ದು ಸರ್ರ. ನೀವ ಬಂದು ಹೇಳ್ರಿ. ಆದ್ರ ಮೇಡಂಗ ಕನ್ನಡ ಬರಂಗಿಲ್ರಿ."

ಕೊನೆಯ ಮಾತು ಕೇಳಿ ನನಗೇ ಎದೆನೋವು ಬಂದಂತಾಯಿತು.

ಶಾರದಾ ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು, ಬೆನ್ನು ತಟ್ಟಿದಳು. "ಮೂವತ್ತೆರಡು ವರ್ಷ ಪಗಾರ ತಗೊಂಡೀರಿ. ಅರ್ಧಾ ತಾಸು ಮಾತಾಡಿ ಬರ್ರಿ. ಆಗದಿದ್ರ ಎಸ್ ಅನ್ರಿ."

ಗಂಗಾವತಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ವಾಕ್ಯಗಳನ್ನು ಕಟ್ಟತೊಡಗಿದೆ. ಎಂಥ ವಾಕ್ಯಗಳು! ಒಂದೊಂದರ ಹೊಟ್ಟೆಯಲ್ಲಿ ಮೂರು ಮೂರು ಉಪವಾಕ್ಯ. ಗೌರವಪೂರ್ವಕವಾಗಿ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ ಎಂಬಲ್ಲಿಂದ ಶುರು. ಅಷ್ಟರಲ್ಲಿ ಕಂಡಕ್ಟರ್ ಬಂದು "ಎಲ್ಲಿಗ್ರಿ?" ಎಂದ. ನಾನು ಅದೇ ಗುಂಗಿನಲ್ಲಿ, ಗಂಗಾವತಿಗೆ ಒಂದು ಟಿಕೆಟ್ ದಯಪಾಲಿಸಿದರೆ ಕೃತಜ್ಞನಾಗಿರುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಿಂದಿನ ಸೀಟಿನವರಿಗೆ, "ಅಜ್ಜಾರ ಸಂಗಾಟ ಯಾರರ ಅದೀರೇನ್ರಿ?" ಎಂದು ಕೇಳಿದ.

ಶಾಲೆಯ ಗೇಟಿನಲ್ಲೇ ಯಮನೂರಪ್ಪ ಸಿಕ್ಕ. ಹಳದಿ ಬಸ್ಸಿನಿಂದ ಜಿಗಿದು ಬಂದು ಕಾಲಿಗೆ ಬಿದ್ದ.

"ಸರ್ರ! ನಿಮ್ಮ ಪತ್ರ ನನಗ ನಾಕ ಸಲ ಕೆಲಸಾ ಮಾಡೇತ್ರಿ! ನಿಮ್ಮ ಋಣಾ ತೀರಸಾಕ ಆಗಂಗಿಲ್ರಿ!"

"ಮೆಲ್ಲಕ ಮಾತಾಡೋ ಮಾರಾಯಾ" ಎಂದೆ. ಮೇಲಿನ ಕಿಟಕಿಯಲ್ಲಿ ಬಿಳಿ ಸೀರೆಯೊಂದು ನಿಂತು ನೋಡುತ್ತಿತ್ತು.

ಮೇಡಂ ನನ್ನಷ್ಟೇ ವಯಸ್ಸಿನವರು, ತೆಳ್ಳಗೆ, ಮೂಗಿನ ತುದಿಗೆ ಕನ್ನಡಕ. ರೆಹಾನಾ ಗೋಡೆಗೆ ಅಂಟಿ ನಿಂತಿದ್ದಳು, ಕಣ್ಣು ಊದಿದ್ದವು. ಮೇಡಂ ಫೈಲು ತೆರೆದು, ಒಬ್ಬೊಬ್ಬರದು ಒಂದೊಂದು ಅರ್ಜಿಯನ್ನು ಇಸ್ಪೀಟು ಎಲೆ ಹಾಸಿದಂತೆ ಮೇಜಿನ ಮೇಲೆ ಹಾಸಿದರು. ಹನ್ನೆರಡು. ನನ್ನ ಪತ್ರದ ಹನ್ನೆರಡು ಕೈಬರಹ. ವಾಚ್‌ಮನ್ನನೂ ಲೆಕ್ಚರರ್ ಇನ್ ಇಂಗ್ಲಿಷ್. ಗಂಗಾವತಿಯಲ್ಲಿ ಹುಟ್ಟಿ ಬೆಳೆದ ಗುಮಾಸ್ತನೂ ಮೇಲ್ಗಡೆ ಊರಿನ ಜಾಗದಲ್ಲಿ ಕುಷ್ಟಗಿ ಎಂದು ಬರೆದಿದ್ದ.

ಅವರು ಇಂಗ್ಲಿಷಿನಲ್ಲಿ ಕೇಳಿದ್ದು ಇಷ್ಟು. "ಹನ್ನೆರಡು ಮಂದಿ, ಒಬ್ಬಳೇ ಅಜ್ಜಿ. ನೀವು ಇವರ ಗುರುಗಳಂತೆ. ಈ ಮುದುಕಿ ಯಾರು, ದಯವಿಟ್ಟು ಹೇಳಿ."

ನಾನು ಬಸ್ಸಿನಲ್ಲಿ ಕಟ್ಟಿದ್ದ ಮೊದಲ ವಾಕ್ಯವನ್ನು ಎತ್ತಿದೆ. ಗೌರವಪೂರ್ವಕವಾಗಿ ಎಂಬಲ್ಲಿಯವರೆಗೆ ಬಂತು. ಮುಂದೆ ಉಪವಾಕ್ಯಗಳು ಒಂದರ ಕಾಲಿಗೆ ಒಂದು ತೊಡರಿ ಬಿದ್ದವು. ಫ್ಯಾನು ತಿರುಗುತ್ತಿತ್ತು. ರೆಹಾನಾ ನನ್ನನ್ನೇ ನೋಡುತ್ತಿದ್ದಳು. ಮುಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದಳಲ್ಲ, ಹಾಗೆಯೇ, ಸರ್‌ಗೆ ಎಲ್ಲ ಗೊತ್ತಿದೆ ಎಂಬ ನಂಬಿಕೆಯಿಂದ. ನನಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲಿ ಒಂದು ಸಣ್ಣ ವಾಕ್ಯ ತಾನಾಗಿ ಹೊರಬಂತು.

"ಮೇಡಂ, ದಟ್ ಗ್ರ್ಯಾಂಡ್‌ಮದರ್ ವಾಸ್ ಮೈನ್."

ಅವಳು ನನ್ನ ಅಜ್ಜಿ.

ಅವಳ ವಿಷಯ ನಿಮಗೂ ಹೇಳಬೇಕು. ಇಟಗಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಹೈಸ್ಕೂಲು ಇರಲಿಲ್ಲವಾಗಿ, ನಾನು ಯಲಬುರ್ಗಾದಲ್ಲಿ ಅಜ್ಜಿಯ ಹತ್ತಿರ ಇದ್ದು ಓದಿದೆ. ಸಂಜೆ ಅವಳು ಮೊರದಲ್ಲಿ ಜೋಳ ಹಾಕಿಕೊಂಡು ಹರಳು ಆರಿಸುತ್ತ ಕೂಡುತ್ತಿದ್ದಳು, ನಾನು ಇಂಗ್ಲಿಷ್ ಪುಸ್ತಕವನ್ನು ಗಟ್ಟಿಯಾಗಿ ಓದಬೇಕಿತ್ತು. ಒಂದಕ್ಷರ ತಿಳಿಯದಿದ್ದರೂ ಗೋಣು ಹಾಕುತ್ತಿದ್ದಳು. ಒಮ್ಮೆ ಆಟಕ್ಕೆ ಓಡುವ ಅವಸರದಲ್ಲಿ ಹಿಂದಿನ ದಿನದ ಪುಟವನ್ನೇ ಓದಿ ಮುಗಿಸಿದೆ. ಅಜ್ಜಿ ಮೊರದಿಂದ ತಲೆ ಎತ್ತದೆ, "ಇದನ್ನ ನಿನ್ನೆ ಓದಿದ್ದಿ. ಮುಂದಿಂದು ಓದು" ಎಂದಳು. ಆಮೇಲೆ ನಾನು ಯಾರಿಗೂ ಅಷ್ಟು ಹೆದರಿ ಇಂಗ್ಲಿಷು ಓದಿಲ್ಲ.

ಕುಷ್ಟಗಿಗೆ ಸೇರಿ ಎರಡು ತಿಂಗಳಾಗಿತ್ತು. ನೌಕರಿ ಇನ್ನೂ ಪಕ್ಕಾ ಆಗಿರಲಿಲ್ಲ. ಬಸ್ ಕಂಡಕ್ಟರ್ ಕೈಯಲ್ಲಿ ಸುದ್ದಿ ಬಂತು, ಅಜ್ಜಿಗೆ ಸೀರಿಯಸ್ ಐತಿ, ನಿನ್ನ ಹೆಸರು ಹಿಡದು ಕೇಳಾಕತ್ಯಾಳ. ಸ್ಟಾಫ್ ರೂಮಿನಲ್ಲಿ ಕೂತು ಅರ್ಜಿ ಬರೆದೆ. ಕುಷ್ಟಗಿ ಎಂದು ಊರು, ಕೆಳಗೆ ಸಹಿ, ಸಹಿಯ ಕೆಳಗೆ ಹೊಸ ಹುದ್ದೆ. ಹೆಮ್ಮೆಯ ಹುದ್ದೆ ಅದು. ಕಿಸೆಯಲ್ಲಿಟ್ಟುಕೊಂಡು ಪ್ರಿನ್ಸಿಪಾಲರ ಬಾಗಿಲಿನತನಕ ಹೋದೆ. ಒಳಗೆ ಅವರು ಯಾರನ್ನೋ ಬೈಯುತ್ತಿದ್ದರು. ಹೊಸಬ, ಈಗಲೇ ರಜೆ ಕೇಳುತ್ತಾನೆ ಎನ್ನುತ್ತಾರೆ ಎನಿಸಿತು. ಬಾಗಿಲಿನಿಂದ ತಿರುಗಿ ಕ್ಲಾಸಿಗೆ ಹೋದೆ. ಅವತ್ತು ಪತ್ರಲೇಖನ. ತಯಾರಿ ಏನೂ ಇರಲಿಲ್ಲ. ಕಿಸೆಯಿಂದ ಅರ್ಜಿ ತೆಗೆದು ಹುಡುಗರಿಗೆ ಹೇಳಿ ಬರೆಸಿದೆ. ಶುಕ್ರವಾರ ಹೋದರಾಯಿತು ಎಂದುಕೊಂಡೆ. ಗುರುವಾರ ಅಜ್ಜಿ ಹೋದಳು.

ಮುಂದೆ ಯಲಬುರ್ಗಾದಲ್ಲೇ ಆರು ವರ್ಷ ಕೆಲಸ ಮಾಡಿದೆ, ಅವಳ ಓಣಿಗೆ ಒಂದು ದಿನವೂ ಕಾಲಿಡಲಿಲ್ಲ. ಪತ್ರವನ್ನು ಮಾತ್ರ ಬಿಡಲಾಗಲಿಲ್ಲ. ನಾನು ಕೇಳದೆ ಬಿಟ್ಟ ರಜೆಯನ್ನು ಪ್ರತಿ ವರ್ಷ ನೂರು ಹುಡುಗರು ತಲೆ ಬಗ್ಗಿಸಿ ಬರೆದುಕೊಳ್ಳುವಾಗ ಏನೋ ಒಂದು ಸಮಾಧಾನವಾಗುತ್ತಿತ್ತು. ಹುಚ್ಚುತನವೇ. ಯಾರಿಗೂ ಹೇಳಿರಲಿಲ್ಲ, ಶಾರದಾಳಿಗೂ.

ಅಂದು ಮೇಡಂ ಮುಂದೆ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ಮೂರು ಪದದ ವಾಕ್ಯ, ನಾಲ್ಕು ಪದದ ವಾಕ್ಯ. ಅವರು ಕೊನೆಗೆ, "ಹೋದಿರಾ?" ಎಂದು ಕೇಳಿದರು. "ಐ ಡಿಡ್ ನಾಟ್ ಗೋ" ಎಂದೆ. ಮೂವತ್ತೆರಡು ವರ್ಷ ಆ ಭಾಷೆಯ ಅನ್ನ ಉಂಡೆ, ನನ್ನದು ಎಂಬ ಮಾತನ್ನು ಅದರಲ್ಲಿ ಆಡಿದ್ದು ಅದೇ ಮೊದಲು. ಮುಗಿದ ಮೇಲೆ ನೋಡಿದರೆ ನನ್ನ ಇಸ್ತ್ರಿ ಅಂಗಿ ಪೂರ್ತಿ ತೊಯ್ದಿತ್ತು.

ಮೇಡಂ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹನ್ನೊಂದು ಅರ್ಜಿಗಳನ್ನು ಒಂದು ಕಡೆ ಸರಿಸಿ, ರೆಹಾನಾಳದನ್ನು ಮುಂದೆ ಎಳೆದುಕೊಂಡರು.

"ಇವಳದು ನಿಜವೇ?"

"ನಿಜ ಮೇಡಂ."

"ಈ ಹನ್ನೊಂದು?"

"ಅಪ್ಪಟ ಸುಳ್ಳು ಮೇಡಂ."

ಅವರು ಸಹಿ ಹಾಕಿದರು. ಹಾಕುತ್ತ ನಗು ತಡೆದುಕೊಂಡಿದ್ದು ನನಗೆ ಕಂಡಿತು. "ಒಂದು ಕೋರಿಕೆ ಸರ್. ಇನ್ನು ಮೇಲೆ ನೀವು ಯಾರಿಗೂ ಯಾವ ಪತ್ರವನ್ನೂ ಬರೆಸಬೇಡಿ."

ಹೊರಗೆ ಬಂದಾಗ ಯಮನೂರಪ್ಪ, ಏನಾಯ್ತ್ರಿ ಎಂದು ಕಣ್ಣಲ್ಲೇ ಕೇಳಿದ. "ನಿಮ್ಮಜ್ಜಿ ಗುಣಾ ಆದ್ಲಪಾ" ಎಂದೆ. ಅವನ ಮುಖ ಬಾಡಿತು.

ಬಸ್ ನಿಲ್ದಾಣದಲ್ಲಿ ರೆಹಾನಾ ಅಂದಳು, "ಸರ್ರ, ನೀವೂ ಬರ್ರಿ. ನಾ ಹೋದ್ರೂ ನಾನಿ ದವಾಖಾನಿಗೆ ಏಳ್ತಾಳಂತ ಗ್ಯಾರಂಟಿ ಇಲ್ರಿ. ಮುದುಕಿ ಭಾಳ ಜಿದ್ದಿನಾಕಿ. ಮಾಸ್ತರ ಮಂದಿ ಮಾತಂದ್ರ ಕೇಳತಾಳ." ಕೊಪ್ಪಳದಲ್ಲಿ ಇಳಿದು ಮನೆಗೆ ಹೋಗಬಹುದಿತ್ತು. ಇಳಿದೆ, ಯಲಬುರ್ಗಾದ ಬಸ್ಸು ಹತ್ತಿದೆ.

ಮನೆ ಸಂತೆ ಮೈದಾನದ ಹಿಂದಿನ ಓಣಿಯಲ್ಲಿ. ನಾನಿ ಪಡಸಾಲೆಯ ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಹಿಡಿಯಷ್ಟು ಜೀವ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಕಣ್ಣು ಮಾತ್ರ ಚುರುಕಾಗಿದ್ದವು. ರೆಹಾನಾ ಹೋಗಿ ಅವಳ ಎದೆಗೆ ಬಿದ್ದಳು. ಒಂದಿಷ್ಟು ಅಳು, ಒಂದಿಷ್ಟು ಬೈಗುಳ, ಎರಡೂ ಉರ್ದುವಿನಲ್ಲಿ ಮುಗಿದ ಮೇಲೆ ಮುದುಕಿ ನನ್ನ ಕಡೆ ತಿರುಗಿದಳು.

"ಇವ್ರು ಯಾರ?"

ರೆಹಾನಾ ಕಣ್ಣು ಒರೆಸಿಕೊಂಡು ಎಲ್ಲ ಹೇಳಿದಳು. ಇವರೇ ಇಂಗ್ಲಿಷ್ ಸರ್, ಇವರ ಪತ್ರ ಬರೆದುಕೊಟ್ಟು ನಾಲ್ಕು ತಾಲೂಕಿನ ಮಂದಿ ಯಲಬುರ್ಗಾದ ಅಜ್ಜಿಗೆ ಸೀರಿಯಸ್ ಅಂತ ರಜೆ ತೆಗೆದುಕೊಳ್ಳುತ್ತಾರೆ, ಅದಕ್ಕೇ ನನಗೆ ರಜೆ ಸಿಗಲಿಲ್ಲ ಎಂದು. ಮುದುಕಿ ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು. ರೆಹಾನಾ ನೀರು ಕುಡಿಸಿ, "ಸಾಕಬೇ, ಇನ್ನ ಏಳು, ಗಾಡಿ ಕರಸ್ತೀನಿ" ಎಂದಳು. ಮುದುಕಿ ಅವಳ ಕೈ ಸರಿಸಿದಳು. ನಗು ಹೋಗಿತ್ತು. ನನ್ನನ್ನೇ ನೋಡಿ ಕೇಳಿದಳು.

"ಅಲ್ರಿ ಮಾಸ್ತರ, ಇಷ್ಟು ಮಂದಿ ಇಷ್ಟು ವರ್ಷ ರಜಾ ತಗೊಂಡ್ರಲ್ಲ. ಆ ಮುದುಕಿನ್ನ ನೋಡಾಕ ಹೋದೋರು ಎಷ್ಟು ಮಂದಿ?"

ಮೌಲ್ಯಮಾಪನದ ಹಿರಿಯರು, ಪ್ರಿನ್ಸಿಪಾಲರು, ಮೇಡಂ, ಎಲ್ಲರೂ ಏನೇನೋ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಒಬ್ಬರೂ ಹೋಗಲಿಲ್ಲ ಯಮ್ಮಾ" ಎಂದೆ. "ನಾನೂ ಹೋಗಲಿಲ್ಲ. ಅಕಿ ನಮ್ಮಜ್ಜಿ."

ಮುದುಕಿ ಸಮಾಧಾನ ಹೇಳಲಿಲ್ಲ. ಬೈಯಲೂ ಇಲ್ಲ. ಹೊರಸಿನಿಂದ ಒಂದು ಕಾಲು ಇಳಿಬಿಟ್ಟಳು, ಆಮೇಲೆ ಇನ್ನೊಂದು. ರೆಹಾನಾ ಹಿಡಿಯಲು ಓಡಿಬಂದರೆ, "ನೀ ಸರಿ. ಹೋಗಿ ಗಾಡಿ ಕರಿ" ಎಂದಳು. ನನ್ನ ಕಡೆ ಕೈ ಚಾಚಿದಳು.

"ಇವತ್ತರ ಬಂದೀಯಲ್ಲ. ಹಿಡಿ, ಕೈ ಹಿಡಿ."

ಹಿಡಿದೆ. ಎಬ್ಬಿಸಿದೆ. ಬಾಗಿಲಿನತನಕ ಒಂದೊಂದೇ ಹೆಜ್ಜೆ ಇಡುತ್ತ ನಡೆದೆವು. ಎಷ್ಟು ಹಗುರಾಗಿದ್ದಳು.